ಹೊಲಸು ನಿಲ್ಲದ ಮನೆ

ಗುರುದೇವಿಯ ಬಲಗೈ ಮೊಣಕೈತನಕ ಪಕ್ಕದ ಮನೆಯ ಕಿಟಕಿಯ ಪೆಟ್ಟಿಗೆಯೊಳಗಿತ್ತು. ಎಡಗೈಯಲ್ಲಿ ತನ್ನ ಮನೆಯ ಪೆಟ್ಟಿಗೆಯಿಂದ ಬಿಚ್ಚಿದ ಬಟ್ಟೆ. ಒಲೆ ಒರೆಸಿದ ಅರಿವೆಯಷ್ಟು ಕಪ್ಪು. ಪೆಟ್ಟಿಗೆಯಿಂದ ಹೊರಬಂದ ಸುಮಿತ್ರಾಬಾಯಿಯ ಬಟ್ಟೆ ಹೊಸ ಧೋತರದಷ್ಟು ಬೆಳ್ಳಗಿತ್ತು.

"ನನಗ ಗೊತ್ತಿತ್ತು," ಎಂದು ಗುರುದೇವಿ ಹಲ್ಲು ಕಚ್ಚಿದಳು. "ಮಾಸ್ತರ ಮನೀಗಿ ಚೊಲೋದು, ನಮಗ ಕಸ."

ಶಹಾಬಾದದ ಆ ಓಣಿಯಲ್ಲಿ ಎಲ್ಲ ಕಿಟಕಿಗಳಿಗೂ ಅಂಥ ಪೆಟ್ಟಿಗೆ ಕೂತಿತ್ತು. ಓಣಿಯ ಬೆನ್ನಿಗೇ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಷೀನುಗಳು. ಗುರುದೇವಿಯ ಗಂಡ ನಾಗೇಂದ್ರಪ್ಪ ಆ ಮಷೀನುಗಳ ಮುಂದೆಯೇ ಆಯುಷ್ಯ ಕಳೆದು, ಎದೆಯೊಳಗೆ ಕಲ್ಲಿನ ಪುಡಿ ತುಂಬಿಕೊಂಡು ಮನೆ ಸೇರಿದ್ದ. ಒಳಗೆ ಹೋದದ್ದನ್ನು ತೆಗೆಯುವ ಔಷಧ ಇಲ್ಲ, ಇನ್ನಷ್ಟು ಹೋಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಹೆಚ್ಚು ದಿನ ಇರುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಆಮೇಲೆ ಸಂಶೋಧನೆಯವರು ಈ ಪೆಟ್ಟಿಗೆಗಳನ್ನು ಹೊತ್ತು ಬಂದರು. ಸಮುದಾಯ ಭವನದಲ್ಲಿ ಜನರನ್ನು ಕೂಡಿಸಿ, ಧನಶ್ರೀ ಎಂಬ ಹುಡುಗಿ ಬಟ್ಟೆಯೊಂದನ್ನು ಎತ್ತಿ ತೋರಿಸಿದಳು. "ಪೆಟ್ಟಿಗಿಯಾಗಿನ ಫ್ಯಾನು ಹೊರಗಿನ ಗಾಳಿ ಜಗ್ಗತದ, ಈ ಬಟ್ಟಿ ಸೋಸಿ ಒಳಗ ಬಿಡ್ತದ. ಅರ್ಧ ಮನಿಗೋಳಿಗಿ ಹೊಸಾ ನಮೂನಿದು, ಅರ್ಧ ಮನಿಗೋಳಿಗಿ ಸಾದಾ. ಯಾರಿಗಿ ಯಾವುದು ಅಂತ ನನಗೂ ಗೊತ್ತಿಲ್ಲ."

ಅಷ್ಟರಲ್ಲೇ ಸುಮಿತ್ರಾಬಾಯಿ ಎದ್ದಳು. "ನಮ್ದು ಮಡಿಗೆ ಹೊತ್ತಾತ್ರಿ," ಎಂದು ಸೆರಗು ಸರಿಪಡಿಸಿಕೊಂಡು ಹೊರಟೇಬಿಟ್ಟಳು. ಅವಳ ಮಗ ವಿಠ್ಠಲ್ ಧನಶ್ರೀಯ ಜೊತೆ ಇಂಗ್ಲಿಷಿನಲ್ಲಿ ನಗುತ್ತಾ ಮಾತಾಡಿದ್ದನ್ನು ಗುರುದೇವಿ ಮೊದಲೇ ನೋಡಿದ್ದಳು. ಒಳಗೊಳಗೇ ಎಲ್ಲ ಠರಾವಾದ ಮೇಲೆ ಕೂತು ಕೇಳುವ ಗರಜಾದರೂ ಏನು?

ಗುರುದೇವಿ ಕೊನೆಯತನಕ ಕೂತಳು. ಬಿಚ್ಚಬೇಡಿ, ಉಜ್ಜಬೇಡಿ, ಒದ್ದೆ ಮಾಡಬೇಡಿ ಎಂಬ ಮಾತುಗಳನ್ನು ಗಂಟು ಹಾಕಿಕೊಂಡು ಬಂದಳು. ಒಂದನ್ನೂ ಮೀರಲಿಲ್ಲ. ಆದರೂ ಅವಳ ಬಟ್ಟೆ ವಾರವಾರಕ್ಕೆ ಕಪ್ಪಾಗುತ್ತಾ ಹೋಯಿತು. ಪೆಟ್ಟಿಗೆಯ ಜಾಲರಿಯಿಂದ ಕಾಣುವ ಪಕ್ಕದ್ದು ಬೆಳ್ಳಗೇ ಉಳಿಯಿತು.

ಒಂದು ದಿನ ಗೋಡೆಯ ಮೇಲಿಂದ ಕೇಳಿಯೇಬಿಟ್ಟಳು. "ಏನ್ರೀ ಬಾಯಾರೆ, ನಿಮ್ಮ ಬಟ್ಟಿಗಿ ಧೂಳು ಸೈತ ಅಂಜತದೇನು?"

"ನಮ್ಮನಿಯೊಳಗ ಹೊಲಸು ನಿಂದ್ರಂಗಿಲ್ರಿ," ಎಂದಳು ಸುಮಿತ್ರಾಬಾಯಿ. "ನಾ ನಿಂದ್ರಗೊಡಂಗಿಲ್ಲ."

ಆ ಮಾತು ಗುರುದೇವಿಯ ಹೊಟ್ಟೆಯಲ್ಲಿ ಕೂತಿತು. ಗೋಡೆಯಾಚೆ ಸುಮಿತ್ರಾಬಾಯಿಯ ಗಂಡ ವೆಂಕಟೇಶ ಮಾಸ್ತರ ಕೆಮ್ಮು ಕೇಳಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಒಳ್ಳೆಯ ಬಟ್ಟೆ ನುಂಗಿ ಕೂತವನಿಗೆ ಎಂಥ ಕೆಮ್ಮು? ಜನರಿಗೆ ತೋರಿಸುವ ನಾಟಕ. ಇತ್ತ ನಾಗೇಂದ್ರಪ್ಪ ಗೋಡೆ ಹಿಡಿಯದೆ ಬೇವಿನ ಕಟ್ಟೆಯತನಕ ನಡೆಯತೊಡಗಿದ್ದ. ಅದು ಡಾಕ್ಟರು ಕೊಟ್ಟ, ಬಾಯಿಗೆ ಹೊಡೆದುಕೊಳ್ಳುವ ಹೊಸ ಪಂಪಿನ ಗುಣ ಎಂದುಕೊಂಡಳು. ಈ ಕರೀ ಕಸದ ಜೊತೆಗೇ ಇಷ್ಟು ನಡೆದರೆ, ಆ ಬಿಳಿಯದು ಸಿಕ್ಕರೆ ಬಜಾರಕ್ಕೇ ಹೋದಾನು.

ಮಾಸ್ತರ ಮನೆಯವರು ಆರಾಧನೆಗೆಂದು ಮಳಖೇಡಕ್ಕೆ ಹೊರಟರು. "ಮನೀ ಕಡೆ ಲಕ್ಷ್ಯ ಇರಲ್ರಿ," ಎಂದಳು ಸುಮಿತ್ರಾಬಾಯಿ.

"ಅದ ಇರತದ, ಹೋಗಿ ಬರ್ರಿ," ಎಂದಳು ಗುರುದೇವಿ.

ಹೀಗೆ ಲಕ್ಷ್ಯ ಇಟ್ಟಳು. ಕರಿಯದನ್ನು ಅವರ ಪೆಟ್ಟಿಗೆಗೆ ತುರುಕಿ, ಬಿಳಿಯದನ್ನು ತನ್ನದಕ್ಕೆ ಏರಿಸಿದಳು. ಅದು ಸಣ್ಣಗೆ ಅಂಟುವಾಳದ ವಾಸನೆ ಹೊಡೆಯುತ್ತಿತ್ತು. ಇವರ ಮನೆಯ ಗಾಳಿಗೂ ಮಡಿಯ ಸೊಕ್ಕು, ಎಂದು ಮೂಗು ಮುರಿದಳು.

ನಾಗೇಂದ್ರಪ್ಪ ಬಜಾರಕ್ಕೆ ಹೋಗಲಿಲ್ಲ. ಬೇವಿನ ಕಟ್ಟೆಗೂ ಹೋಗಲಿಲ್ಲ. ವಾರ ತುಂಬುವುದರೊಳಗೆ ಮತ್ತೆ ಗೋಡೆಗೆ ಒರಗಿ ಕೂತ. "ಒಳಗಿನ ಹೊಲಸು ಹೊರಗ ಬರಾಕತ್ತದ, ತಡ್ಕೋರಿ," ಎಂದಳು ಗುರುದೇವಿ. ಅವನು ಏದುಸಿರು ಬಿಡುತ್ತಲೇ ಅವಳನ್ನು ದುರುಗುಟ್ಟಿ ನೋಡಿದ.

ತಪಾಸಣೆಗೆ ಧನಶ್ರೀ ಬಂದ ಬೆಳಿಗ್ಗೆಯೇ ಪಕ್ಕದ ಮನೆಯ ಬೀಗ ತೆಗೆದ ಸದ್ದಾಯಿತು. ನಾಗೇಂದ್ರಪ್ಪ ಅವಳು ತಂದ ಉಸಿರು ಅಳೆಯುವ ಊದುಕೊಳವೆಗೆ ಬಾಯಿಟ್ಟು ಊದಿದ. ಮುಳ್ಳು ಅಲುಗಿದಷ್ಟೇ.

"ಏನಾತ್ರೀ ಕಾಕಾ? ಹೋದ ಸಲ ಭಾಳ ಚೊಲೋ ಊದಿದ್ರಿ." ಧನಶ್ರೀ ಎದ್ದು ಹೋಗಿ ಪೆಟ್ಟಿಗೆಯಿಂದ ಬಟ್ಟೆ ಎಳೆದಳು. ಮೂಸಿದಳು. ಮುಖ ಬಿಗಿಯಾಯಿತು. "ಇದನ್ನ ತೊಳದೀರೇನು?"

"ಹನಿ ನೀರು ಸೋಕಿಸಿದ್ರ ಕೇಳ್ರಿ." ಅದು ನಿಜವೇ ಆಗಿತ್ತು.

"ಮತ್ತ ಹಿಂಗ್ಯಾಕ? ಹೋದ ಸಲ ಕರ್ರಗ ಆಗಿತ್ತು. ಹೊಸಾ ನಮೂನಿದು ಇದೇ ಮನೀಗಿ ಬಂದದ ಅಂತ ನಾ ಮನಸ್ಸಿನ್ಯಾಗ ಖುಷಿಪಟ್ಟಿದ್ದೆ."

"ಕರೀದು ಚೊಲೋದೇನು?"

"ಬಟ್ಟಿ ಮ್ಯಾಲ ಕೂತ ಧೂಳು ಕಾಕಾರ ಎದಿಗಿ ಹೋಗಿಲ್ಲ ಅಂತ. ಬೆಳ್ಳಗ ಅದ ಅಂದ್ರ ಎಲ್ಲಾ ಒಳಗ ಹೋಗ್ಯಾದ. ಧೂಳು ಜಗ್ಗಲಾಕ ಆ ಎಳಿಯಾಗ ವಿದ್ಯುತ್ ತುಂಬಿರತೀವಿ. ಸಾಬೂನು ನೀರು ಬಿತ್ತಂದ್ರ ಅದು ಸತ್ತಂಗ. ಅದಕ್ಕಿಂತ ಸಾದಾ ಅರಿವಿನೇ ಚೊಲೋ."

"ಬ್ಯಾರೇದು ಕೊಡ್ರಿ."

"ಇಲ್ರಿ. ಲ್ಯಾಬಿನಾಗ ಮಾಡಿದ್ದು ಎಲ್ಲಾ ಹಂಚಿಬಿಟ್ಟೀವಿ."

ಗುರುದೇವಿಗೆ ನಾಚಿಕೆಯಾಗಲಿಲ್ಲ. ಅದಕ್ಕೆ ಪುರಸೊತ್ತಿರಲಿಲ್ಲ. ಕರಿಯದು ಇನ್ನೂ ಪಕ್ಕದ ಪೆಟ್ಟಿಗೆಯಲ್ಲೇ ಇದೆ. ಕೈ ಹಾಕಿದರೆ ಕ್ಷಣದ ಕೆಲಸ. ಸುಮಿತ್ರಾಬಾಯಿ ನೋಡಿದರೆ ನೋಡಲಿ, ಕಳ್ಳಿ ಎಂದರೆ ಎನ್ನಲಿ. ಹಿತ್ತಿಲಿಗೆ ಓಡಿ ಗಿಡ್ಡ ಗೋಡೆ ಹತ್ತಿ ಆಚೆ ಧುಮುಕಿದಳು.

ಪೆಟ್ಟಿಗೆ ಬಾಯಿ ತೆರೆದು ನಿಂತಿತ್ತು.

"ಆರಾಧನಾಕ್ಕ ಹೋಗಿ ಬರೋದ್ರೊಳಗ ಎಷ್ಟ್ ಹೊಲಸಾಗಿತ್ತು ನೋಡ್ರಿ," ಎಂದು ಬಚ್ಚಲ ಕಲ್ಲಿನಿಂದೆದ್ದ ಸುಮಿತ್ರಾಬಾಯಿ, ಅಂಟುವಾಳದ ನೊರೆ ಹಿಂಡಿ ಬಟ್ಟೆಯನ್ನು ಹಗ್ಗದ ಮೇಲೆ ಝಾಡಿಸಿದಳು, "ದಿನಾ ತೊಳೀತೀನಿ, ಒಂದ ದಿನನೂ ಹಿಂಗ ಕರ್ರಗಾಗಿದ್ದಿಲ್ಲ."