ಗೋಧಿಯೊಳಗಿನ ಕೆಂಪು ಬೂಟು

ಅಂಥೂಸಾ ಮೊರದ ತುಂಬ ಗೋಧಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾಳೆ ಸತ್ತವರ ಶನಿವಾರ. ಮನೆತನದಲ್ಲಿ ತೀರಿಕೊಂಡವರಿಗೆಲ್ಲ ಗೋಧಿ ಬೇಯಿಸಿ, ಜೇನು ಕಲಸಿ, ಚರ್ಚಿಗೆ ಒಯ್ಯಬೇಕು. ಎದುರಿಗೆ ಇನ್ನೊಂದು ಮೊರ ಹಿಡಿದು ಗಂಡ ಮೆಲಿಯಾಸ್ ಕೂತಿದ್ದ. ಅವನಿಗೆ ಕಣ್ಣಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ದಂಡಿನವರು ಅವನನ್ನು ಗುರಾಣಿಯ ಮೇಲೆ ನಿಲ್ಲಿಸಿ ಎತ್ತಿ, ಇವನೇ ಚಕ್ರವರ್ತಿ ಎಂದು ಕೂಗಿದ್ದರು. ಹನ್ನೊಂದು ದಿನ ಅವನು ಚಕ್ರವರ್ತಿಯ ಕೆಂಪು ಬೂಟು ತೊಟ್ಟು ಓಡಾಡಿದ. ಹನ್ನೆರಡನೆಯ ದಿನ ಕಾನ್‌ಸ್ಟಾಂಟಿನೋಪಲಿನಿಂದ ಬಂದವರು ಕಬ್ಬಿಣ ಕಾಯಿಸಿದರು. ಆದರೂ ಗೋಧಿಯಲ್ಲಿ ಕಲ್ಲು ಹುಡುಕುವುದರಲ್ಲಿ ಅವನ ಬೆರಳಿಗೆ ಸಮ ಆ ಮನೆಯಲ್ಲಿ ಯಾರೂ ಇರಲಿಲ್ಲ.

“ಇಷ್ಟು ಸಾಲಲ್ಲ ಅಮ್ಮಾ,” ಎಂದಳು ಹಳೆಯ ಆಳು ಮರೂ. “ಹೊರಗಿನ ಚೀಲಕ್ಕೆ ಹುಳ ಹತ್ತಿದೆ. ಒಳಗಿನ ಕಣಜ ತೆಗೀಲೇಬೇಕು.”

ಅಂಥೂಸಾಳ ಕೈ ನಿಂತಿತು. ಆ ಬೂಟುಗಳನ್ನು ಅವಳು ಅಡಗಿಸಿಟ್ಟಿದ್ದು ಆ ಕಣಜದಲ್ಲೇ. ಮೊದಲು ಅವು ಮಾವನವು; ಮಾವನನ್ನೂ ಹಾಗೆಯೇ ಗುರಾಣಿಯ ಮೇಲೆ ಎತ್ತಿದ್ದರು, ಅವನ ಕಣ್ಣೂ ಹಾಗೆಯೇ ಹೋಗಿತ್ತು. ಸುಟ್ಟುಬಿಡಿ ಎಂದು ನೆಂಟರು ಹೇಳಿದ್ದರು. ಒಂದು ಸಲ ಮನೆಗೆ ಬಂದ ಕೆಂಪು ಬೂಟನ್ನು ಅವರಂಥ ಮನೆತನದಲ್ಲಿ ಯಾರು ಸುಟ್ಟಾರು? ನಿನ್ನೆಯಷ್ಟೇ ಗಡಿಯ ದಂಡಿನಲ್ಲಿದ್ದ ಮಗ ಕೋಸ್ಮಾಸ್ ಹೇಳಿ ಕಳಿಸಿದ್ದ: ‘ಭಾನುವಾರ ಬರ್ತೀನಿ. ಅಪ್ಪನ ಬೂಟಿಗೆ ಎಣ್ಣೆ ಹಚ್ಚಿಡಿ.’

“ತೆಗಿ,” ಎಂದ ಮೆಲಿಯಾಸ್. “ಹೇಗೂ ತೆಗೀಬೇಕಲ್ಲ.”

“ನಮ್ಮ ಕೋಳಿ ಕಾವಿಗೆ ಕೂತ್ರೆ ಇಪ್ಪತ್ತೊಂದು ದಿನ ಕೂರುತ್ತೆ ಯಜಮಾನ್ರೇ. ನೀವು ಹನ್ನೊಂದಕ್ಕೇ ಎದ್ದುಬಿಟ್ರಿ,” ಎಂದಳು ಮರೂ. ಇಷ್ಟು ವರ್ಷದಲ್ಲಿ ಅವಳು ನೂರು ಸಲ ಆಡಿದ ಮಾತು ಅದು. ಮೆಲಿಯಾಸ್ ನಕ್ಕ.

ಮುಚ್ಚಳದ ಮೇಲಿನ ಮೇಣದ ಮುದ್ರೆ ಹಾಗೇ ಇತ್ತು. ಹೋದ ಸುಗ್ಗಿಯಲ್ಲಿ ಬೂಟುಗಳ ಮೇಲೆ ಹೊಸ ಗೋಧಿ ಸುರಿದು, ಅಂಥೂಸಾಳೇ ತನ್ನ ಉಂಗುರ ಒತ್ತಿದ್ದಳು. ಮರೂ ಮುದ್ರೆ ಒಡೆದು, ಭುಜದವರೆಗೆ ಕೈ ಇಳಿಸಿ, ಬೂಟುಗಳನ್ನು ಎಳೆದು ಯಜಮಾನನ ತೊಡೆಯ ಮೇಲಿಟ್ಟಳು.

ಅವನು ಬಲಗಾಲಿನದನ್ನು ಸವರಿದ. ಎಡಗಾಲಿನದನ್ನು ಸವರಿದ. ಅಲ್ಲೇ ಅವನ ಬೆರಳು ನಿಂತವು.

“ಇದನ್ನ ಯಾರು ಹಾಕ್ಕೊಂಡಿದ್ರು?”

“ಯಾರು ಹಾಕ್ಕೊಳ್ತಾರೆ ರೀ? ಮುದ್ರೆ ಒಡೆದಿದ್ದೇ ಈಗ.”

“ಕಿರುಬೆರಳಿನ ಹತ್ರ ಉಬ್ಬಿದೆ ನೋಡು. ಒಳಗೆ ಬೆಚ್ಚಗಿದೆ.”

“ಗೋಧಿಯೊಳಗಿದ್ದದ್ದು ಬೆಚ್ಚಗಿರದೆ ಇನ್ನೇನು,” ಎನ್ನುತ್ತ ಮರೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅಂಥೂಸಾ ಬಗ್ಗಿ ನೋಡಿದಳು. ಕೋಸ್ಮಾಸನಿಗೆ ಒಂಬತ್ತು ವರ್ಷವಾಗಿದ್ದಾಗ ಕುದುರೆಯೊಂದು ಅವನ ಎಡಗಾಲು ತುಳಿದಿತ್ತು. ಮುರಿದ ಕಿರುಬೆರಳಿನ ಮೂಳೆ ಅಡಿಕೆಯಷ್ಟು ದಪ್ಪಕ್ಕೆ ಹೊರಬಂದು ಕೂಡಿಕೊಂಡಿತ್ತು. ಅಂದಿನಿಂದ ಅವನ ಪ್ರತಿಯೊಂದು ಜೋಡೂ ಅಲ್ಲೇ ಉಬ್ಬುತ್ತಿತ್ತು. ಕಾಲು ಎಳೆದು ನಡೆಯುವುದರಿಂದ ಅಟ್ಟೆ ಹೊರ ಅಂಚಿಗೆ ಸವೆಯುತ್ತಿತ್ತು. ಇದೂ ಅಲ್ಲೇ ಸವೆದಿತ್ತು. ಮಗ ಮನೆಗೆ ಬಂದು ಮೂರು ವರ್ಷವಾಗಿತ್ತು. ಈ ಬೂಟನ್ನು ಅವನು ಕಣ್ಣಲ್ಲೂ ಕಂಡವನಲ್ಲ.

“ನನಗೂ ಹೀಗೇ ಆಗಿತ್ತು,” ಎಂದ ಮೆಲಿಯಾಸ್. “ನಮ್ಮಪ್ಪನ ಪಾದ ಹೆಂಗಸರ ಪಾದದ ಹಾಗೆ ಚಿಕ್ಕದು. ಇದು ನನಗೆಲ್ಲಿ ಹಿಡಿಯುತ್ತೆ ಅಂತಲೇ ಕಾಲು ತೂರಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತ್ಕೊಳ್ತು. ದೇವರೇ ಗುರುತು ತೋರಿಸಿದ ಅಂದ್ರು ದಂಡಿನವರು. ನಾನೂ ಹಾಗೇ ಅಂದ್ಕೊಂಡೆ.”

“ಒಲೆಗೆ ಹಾಕಿಬಿಡ್ಲಾ?” ಮರೂ ಕೇಳಿದಳು.

“ಹಾಕಿದ್ರೂ ಅಷ್ಟೇ. ದಂಡಿನವರು ಬೇರೆ ಹೊಲಿಸ್ತಾರೆ.” ಅವನು ಹೆಂಡತಿಯ ಕಡೆ ಮುಖ ತಿರುಗಿಸಿದ. “ದೇವಮಾತೆಯ ಪಟದ ಹಿಂದಿನ ಕಾಗದ ಇನ್ನೂ ಇದೆಯೇನೇ?”

ಅಂಥೂಸಾ ಥಟ್ಟನೆ ಪಟದ ಕಡೆ ತಿರುಗಿದಳು. ಚಳಿಗಾಲಕ್ಕೂ ಮೊದಲು ಬರೆದು, ಯಾರಿಗೂ ಹೇಳದೆ ಇಟ್ಟದ್ದು ಅದು. ಅರ್ಧ ದಿನದ ದಾರಿಯ ಕೋಟೆಯಲ್ಲಿದ್ದ ಚಕ್ರವರ್ತಿಯ ಅಧಿಕಾರಿಗೆ ಬರೆದದ್ದು. ಮೂರೇ ಸಾಲು: ನನ್ನ ಮಗ ದಂಗೆ ಏಳಲಿದ್ದಾನೆ. ಹಿಡಿದು, ತಲೆ ಬೋಳಿಸಿ, ಮಠಕ್ಕೆ ಹಾಕಿ. ಕಣ್ಣು ಮಾತ್ರ ಬಿಡಿ.

“ನಿಮಗೆ ಹೇಗೆ...”

“ಲೇಖನಿ ಕರಕರ ಅನ್ನೋದು ಕೇಳಿಸ್ತಿತ್ತು. ಮಧ್ಯೆ ಮಧ್ಯೆ ನೀನು ಮೂಗೆಳೆಯೋದೂ, ಆಮೇಲೆ ಪಟ ಸರಿಸಿದ್ದೂ.”

“ಸಿಕ್ಕಿಬಿದ್ದವರ ಕಣ್ಣು ಮುಟ್ಟಲ್ಲ ಅಂತ ಆ ಅಧಿಕಾರಿ ಎಲ್ಲರೆದುರು ಶಿಲುಬೆ ಹಿಡಿದು ಆಣೆ ಇಟ್ಟಿದಾನೆ ರೀ.”

“ನನಗೂ ಇಟ್ಟಿದ್ರು ಕಣೇ.”

“ಹಾಗಾದ್ರೆ ಬೇಡ ಅಂತೀರಾ?”

ಅವನು ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟ. “ಭಾನುವಾರ ಇದನ್ನ ತೊಟ್ಟ ಅಂದ್ರೆ, ಕಣ್ಣು ಹೋಗೋದು ಖಂಡಿತ. ಕಾಗದ ಕಳಿಸಿದ್ರೆ, ಉಳಿದ್ರೂ ಉಳೀಬಹುದು. ಕಳಿಸು.”

ಅಂಥೂಸಾ ಎದ್ದು, ಪಟದ ಹಿಂದಿನಿಂದ ಕಾಗದ ತೆಗೆದು, ಅಂಗಳಕ್ಕೆ ಹೋದಳು. ಕುದುರೆಯಾಳು ಸ್ಟಿಲಿಯಾನ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಕುದುರೆ ಹತ್ತಿದ. ಬಾಗಿಲು ತೆರೆಯಿತು, ಮುಚ್ಚಿತು. ಅವಳು ಒಳಗೆ ಬಂದು ಮತ್ತೆ ಮೊರದ ಮುಂದೆ ಕೂತಳು. ಕೈ ಮಾತ್ರ ಗೋಧಿಯ ಮೇಲೆ ಸುಮ್ಮನೆ ಬಿದ್ದಿತ್ತು. ಹೊರಗೆ ಕಲ್ಲುದಾರಿಯ ಮೇಲೆ ಗೊರಸಿನ ಸದ್ದು ಇಳಿದು ಹೋಗುತ್ತಿತ್ತು.

ಮೆಲಿಯಾಸ್ ಕತ್ತು ಓರೆ ಮಾಡಿ ಆಲಿಸುತ್ತಿದ್ದ. ಅವನ ತೊಡೆಯ ಮೇಲೆ ಈಗ ಬೂಟುಗಳಿರಲಿಲ್ಲ.

“ಸ್ಟಿಲಿಯಾನನ ಜೊತೆಗೆ ಯಾರನ್ನ ಕಳಿಸಿದೆ?”

“ಯಾರನ್ನೂ ಇಲ್ಲ.”

“ಮತ್ತೆ, ಕುದುರೆ ಹಿಂದೆ ಎಡಗಾಲು ಎಳ್ಕೊಂಡು ಹೋಗ್ತಿರೋದು ಯಾರೇ?”