ಸದ್ದಿಲ್ಲದ ಹಿತ್ತಾಳೆ

"ಏನು ಸಾಮಾನಪ್ಪಾ ಇದು?" ಗುಜರಿಯವನು ಯಾರನ್ನೂ ನೋಡದೆ ಕೇಳಿ, ಬುಗುರಿಯಂಥ ಹಿತ್ತಾಳೆಯ ತುಂಡನ್ನು ಕಿವಿಯ ಬಳಿ ಅಲ್ಲಾಡಿಸಿದ. ಸದ್ದು ಬರಲಿಲ್ಲ. "ಖಾಲಿ," ಎಂದು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ.

ಹಳೇ ಬೀಗ ನೋಡುತ್ತಿದ್ದ ಮುದುಕ ಅವನ ಮಣಿಕಟ್ಟು ಹಿಡಿದ. "ಬೇಡಪ್ಪಾ. ಇಪ್ಪತ್ತು ವರ್ಷ ಫಿರಂಗಿ ಹಾರಿಸಿದವನು ನಾನು. ಇದು ಫಿರಂಗಿ ಗುಂಡಿನ ಮೂತಿಗೆ ಹಾಕೋ, ಅದನ್ನ ಸಿಡಿಸೋ ಫ್ಯೂಸು. ಸುತ್ತ ಇರೋ ಅಂಕಿ, ಎಷ್ಟು ಹೊತ್ತಿಗೆ ಸಿಡೀಬೇಕು ಅಂತ. ಒಳಗೆ ಮದ್ದು ಗಟ್ಟಿಯಾಗಿ ಕೂತಿದ್ರೆ ಅಲ್ಲಾಡಲ್ಲ."

"ಹೆದರಿಸಿ ಹಿತ್ತಾಳೆ ಹೊಡ್ಕೊಂಡು ಹೋಗೋ ಆಟ ನನಗೂ ಗೊತ್ತು, ತಾತ!" ಮುಷ್ಟಿ ಮುಖಕ್ಕೆ ಬಿತ್ತು; ಮೂಗು ಮುರಿದದ್ದು ಪಕ್ಕದ ಅಂಗಡಿಗೂ ಕೇಳಿಸಿತು. ಮುದುಕ ಕುಸಿದ, ಆದರೆ ಆ ತುಂಡನ್ನು ಬಾಚಿಕೊಂಡೇ ಕುಸಿದ. ದೇವರ ಮುಂದೆ ಬಾಗಿದವನಂತೆ ಅದರ ಮೇಲೆ ಮುದುಡಿಕೊಂಡ. ಪಕ್ಕೆಗೆ, ಬೆನ್ನಿಗೆ ಒದೆ ಬಿದ್ದರೂ ಕೈ ಸಡಿಲಿಸಲಿಲ್ಲ. ರಕ್ತ ಉಗುಳಿ, ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುಜರಿಯವನ ಹೆಂಡತಿಯತ್ತ ತಲೆ ಎತ್ತಿ, "ನೀನಾದರೂ ದೂರ ಹೋಗಮ್ಮಾ," ಎಂದ.

ಕದಿಯಲು ಬಂದವನಾದರೆ ನನ್ನ ಜೀವದ ಚಿಂತೆ ಇವನಿಗೆ ಯಾಕೆ? ಅವಳು ನಿಂತಲ್ಲೇ ನಿಂತಳು.

"ನೋಡ್ತಾ ನಿಂತ್ಯಲ್ಲೇ! ಕಾಲು ಹಿಡ್ಕೋ, ಎಳೆದು ಹಾಕೋಣ," ಗಂಡ ಅರಚಿದ.

"ನಾನು ಹಿಡಿಯಲ್ಲ," ಎಂದಳು.