ಚಿಕ್ಕವ್ವ ತೊಳೆದ ಕರುಳು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಕಂಡವಳು ನಾನು. ಕರುಳು ಎಂದರೆ ಮಮತೆ ಎಂದು ನಿಘಂಟಿನಲ್ಲೂ ಓದಿದ್ದೇನೆ, ಆದರೂ ಮಟನ್ ಅಂಗಡಿಯ ಮುಂದೆ ಹಸಿ ಕರುಳಿನ ವಾಸನೆ ಬಡಿದರೆ ನಮ್ಮೂರು ಎಕ್ಕಂಬಿಯ ಮನೆಯ ಹಿತ್ತಿಲೇ ನೆನಪಾಗುತ್ತದೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತೀರಿಕೊಂಡ. ಅಂದು ಅವನ ತಿಥಿಯೂಟಕ್ಕೆ ಕುರಿ ಕಡಿದಿದ್ದರು. ನನ್ನನ್ನು ಹೆತ್ತವಳು ಬಹಳ ಮೊದಲೇ ತೀರಿಕೊಂಡಿದ್ದಳು. ಸಾಕಿದವಳು ಅಪ್ಪನ ಎರಡನೇ ಹೆಂಡತಿ, ಚಿಕ್ಕವ್ವ. ಅವಳು ಬಾವಿಕಟ್ಟೆಯಲ್ಲಿ ಕುಳಿತು ಕುರಿಯ ಕರುಳನ್ನು ಕಡ್ಡಿಗೆ ಸಿಕ್ಕಿಸಿ, ಒಳಮೈ ಹೊರಗೆ ಮಾಡಿ, ಅರಿಶಿನ ಹಚ್ಚಿ ತಿಕ್ಕುತ್ತಿದ್ದಳು. ಜಾರುವ ಅದರ ಮೇಲೆ ನಾನು ನೀರು ಹೊಯ್ಯುತ್ತಿದ್ದೆ. ನನ್ನನ್ನು ಕರೆದೊಯ್ಯಲು ಸೋದರಮಾವ ಬಂದಿದ್ದ. ಪಡಸಾಲೆಯಲ್ಲಿ ಹಿರಿಯರು ಆಡುತ್ತಿದ್ದ ಮಾತು ನಮಗೆ ಕೇಳುತ್ತಿತ್ತು.

"ಹುಡುಗಿ ಮಾವನ ಮನ್ಯಾಗ ಬೆಳೀಲಿ. ಇಕಿ ಎಷ್ಟ್ ಮಾಡಿದ್ರೂ ಹೆತ್ತ ಕರುಳಲ್ಲ," ಎಂದರು ದೊಡ್ಡಪ್ಪ.

"ಹೆತ್ತ ಕರುಳು ಅಂದ್ರ ಏನು, ಚಿಕ್ಕವ್ವ?" ಎಂದು ಕೇಳಿದೆ.

ಅವಳು ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು. "ಕರುಳು ಅಂದ್ರ ಇದು. ತಿಂದದ್ದು ಹೋಗೋ ದಾರಿ. ಹೆರೋದು ಗರ್ಭಚೀಲ. ಅಷ್ಟೂ ತಿಳೀದ ಮಂದಿ ನ್ಯಾಯ ಹೇಳಾಕ ಕುಂತಾರ."

ನಾನು ನಕ್ಕೆ. "ಹಂಗಂತ ಒಳಗ ಹೋಗಿ ಹೇಳು ಮತ್ತ."

"ಹೇಳಿದ್ರ ನನ್ನೂ ಹೊರಗ ಹಾಕ್ತಾರ. ನೀರ್ ಹಾಕು."

ಮಾವ ಹಿತ್ತಿಲ ಬಾಗಿಲಿಗೆ ಬಂದು, "ಊಟ ಆದ ಮ್ಯಾಲೆ ಹೊರಡೂಣು," ಎಂದ. ಚಿಕ್ಕವ್ವ ತಲೆ ಎತ್ತಲಿಲ್ಲ. "ಸಾಲಿ ಬಿಡಿಸಬ್ಯಾಡ್ರಿ," ಎಂದಳು ಅಷ್ಟೇ.

ಊಟದ ಸಾಲಿನಲ್ಲಿ ದೊಡ್ಡಪ್ಪ, "ಕರುಳು ಚಲೋ ತೊಳದೀ ನೋಡವ್ವ, ಸ್ವಲ್ಪನೂ ವಾಸನಿ ಇಲ್ಲ," ಎಂದು ತಟ್ಟೆ ಮತ್ತೆ ಮುಂದೆ ಮಾಡಿದರು. ಚಿಕ್ಕವ್ವ ಸೆರಗು ಸರಿಮಾಡಿಕೊಂಡು ಬಡಿಸಿದಳು. ಬಾಗಿಲ ಬಳಿ ಮಾವ ಆಗಲೇ ನನ್ನ ಬಟ್ಟೆಯ ಗಂಟು ಹಿಡಿದು ನಿಂತಿದ್ದ.